ಕಲ್ಲಿನೊಳಗಿನ ಕಲ್ಲು ನುಡಿದ ಸಾಕ್ಷ್ಯ

ಲೋಣಾವಳಾದಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳನ್ನು ಕರೆದು, ಕಲ್ಲಿನ ಬಣ್ಣ ಯಾವುದೆಂದು ಕೇಳಿ ನೋಡಿ. ಕಪ್ಪು ಎಂದೇ ಹೇಳಿಯಾರು. ಅವರ ಮಾತಿನಲ್ಲಿ ತಪ್ಪೇನಿಲ್ಲ. ಕಾರ್ಲೆ, ಭಾಜೆಗಳ ಗುಹೆಗಳನ್ನು ಕೊರೆದದ್ದು ಕರಿಗಲ್ಲಿನಲ್ಲಿ. 1863ರಲ್ಲಿ ತೆರೆದ ಬೋರಘಾಟದ ರೈಲುದಾರಿಗೆ ಸುರಂಗ ತೋಡಿದ್ದೂ ಅದರಲ್ಲೇ. ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ನೆಲ ಬಿರಿದು ಉಕ್ಕಿದ ಲಾವಾರಸವು ಪದರ ಪದರವಾಗಿ ಹರಿದು, ಆರಿ, ಗಟ್ಟಿಯಾಗಿ ಈ ಬಸಾಲ್ಟ್ ಶಿಲೆಯಾಯಿತು.

ಇಲ್ಲೇ ಹುಟ್ಟಿ ದೇಹು, ಆಳಂದಿಗಳ ಕಡೆಗೆ ಹರಿಯುವ ಇಂದ್ರಾಯಣಿಯ ಪಾತ್ರದಲ್ಲಿ ಬೇಸಗೆಯಲ್ಲಿ ನುಣುಪಾದ ಗುಂಡುಗಲ್ಲುಗಳು ಕಾಣುತ್ತವೆ. ಅವೂ ಹೆಚ್ಚಾಗಿ ಕಪ್ಪೇ. ಆ ಗುಂಡುಗಲ್ಲುಗಳೆಲ್ಲ ಮರಳಿನೊಡನೆ ಹೂತುಹೋಗಿ, ಲಕ್ಷಾಂತರ ವರ್ಷಗಳಲ್ಲಿ ಬೆಸೆದು ಒಂದೇ ಬಂಡೆಯಾದವೆಂದು ಭಾವಿಸೋಣ. ಸಹ್ಯಾದ್ರಿಯೇ ಸವೆದು ಮಾಯವಾದ ಕಾಲದಲ್ಲಿ ಯಾರಾದರೂ ಆ ಬಂಡೆಯನ್ನು ನೋಡಿದರೆ, ಈ ನದಿಯ ಮೇಲುಗಡೆ ಕರಿಗಲ್ಲಿನ ಬೆಟ್ಟವಿತ್ತು ಎಂದು ತಟ್ಟನೆ ಹೇಳಬಲ್ಲರು. ಬೆಟ್ಟ ಹೋದರೂ ಅದರ ತುಣುಕು ಸಾಕ್ಷಿಯಾಗಿ ಉಳಿಯುತ್ತದೆ. ಹೀಗೆ ಗುಂಡುಗಲ್ಲುಗಳು ಬೆಸೆದು ಆದ ಬಂಡೆಗೆ ಕನ್ನಡದಲ್ಲಿ ಪೆಂಟೆಶಿಲೆ ಎಂದೂ, ವಿಜ್ಞಾನಿಗಳ ಮಾತಿನಲ್ಲಿ ಕಾಂಗ್ಲಾಮರೇಟ್ ಎಂದೂ ಹೆಸರು.

ಅಂಥ ಒಂದು ಪೆಂಟೆಶಿಲೆ ನಮ್ಮ ಚಿಕ್ಕಮಗಳೂರು ಜಿಲ್ಲೆಯಲ್ಲಿ, ತರೀಕೆರೆಯ ಸೀಮೆಯ ಕಲ್ದುರ್ಗದಲ್ಲಿ ಉಂಟು. ಅದು ಹೇಳಿದ ಸಾಕ್ಷ್ಯವು ಒಂದು ದೊಡ್ಡ ವ್ಯಾಜ್ಯದಲ್ಲಿ ಬಳಕೆಗೆ ಬಂದಿತು.

ವ್ಯಾಜ್ಯವಿದು. ಕನ್ನಡನಾಡಿನ ನೆಲದಲ್ಲಿ ಮುಖ್ಯವಾಗಿ ಎರಡು ಬಗೆಯ ಹಳೆಯ ಶಿಲೆಗಳಿವೆ. ಒಂದು, ಬ್ರೂಸ್ ಫೂಟರು 1880ರ ದಶಕದಲ್ಲಿ ಧಾರವಾಡದ ಹೆಸರಿಟ್ಟ ಶಿಲಾವರ್ಗ. ಚಿನ್ನ, ಕಬ್ಬಿಣಗಳೆಲ್ಲ ಇದರ ಪಾಲು. ಇನ್ನೊಂದು, ಬೆಂಗಳೂರಿನ ಲಾಲ್‌ಬಾಗಿನ ಬಂಡೆಯಂಥ ನೈಸ್ ಮತ್ತು ಗ್ರಾನೈಟ್. ಇವೆರಡರಲ್ಲಿ ಹಿರಿಯರು ಯಾರು? 1894ರಲ್ಲಿ ಸ್ಥಾಪಿತವಾದ ಮೈಸೂರು ಭೂವಿಜ್ಞಾನ ಇಲಾಖೆಯನ್ನು ಬಹುಕಾಲ ನಡೆಸಿದ ಸ್ಮೀತ್ ಅವರು ಧಾರವಾಡ ವರ್ಗವೇ ಹಿರಿದು, ಗ್ರಾನೈಟುಗಳು ಆಮೇಲೆ ಕೆಳಗಿನಿಂದ ನುಗ್ಗಿ ಬಂದವು ಎಂದರು. ಹಾಗಾದರೆ ಧಾರವಾಡ ವರ್ಗದ ಪೆಂಟೆಶಿಲೆಗಳೊಳಗೆ ಗ್ರಾನೈಟಿನ ಉಂಡೆಗಳು ಹೇಗೆ ಬಂದವು? ಅವು ಹೊಳೆಯ ಕಲ್ಲುಗಳಲ್ಲ, ನೆಲ ಹೊರಳಾಡಿದಾಗ ಬಂಡೆಯೇ ನುಗ್ಗುನುರಿಯಾಗಿ ಉಂಡೆಕಟ್ಟಿದ್ದು ಎಂಬುದು ಆ ಪಕ್ಷದ ಉತ್ತರ.

1930ರ ದಶಕದಲ್ಲಿ ಸಿ. ಎಸ್. ಪಿಚ್ಚಮುತ್ತು ಅವರು ಕಲ್ದುರ್ಗದ ಕಲ್ಲುಗಳನ್ನು ಅಭ್ಯಾಸಮಾಡಿದರು. ನುಗ್ಗಾದ ಬಂಡೆಯಾಗಿದ್ದರೆ ಉಂಡೆಗಳೂ ಸುತ್ತಲಿನ ಕಲ್ಲೂ ಒಂದೇ ಜಾತಿಯಾಗಬೇಕಷ್ಟೆ? ಇಲ್ಲಿ ಹಾಗಿಲ್ಲ. ಗ್ರಾನೈಟ್, ನೈಸ್, ಬೆಣಚುಕಲ್ಲು, ಬಗೆಬಗೆಯ ತುಣುಕುಗಳು ಒರಟು ಮರಳುಗಲ್ಲಿನ ಜೊತೆಯಲ್ಲಿ ಸೇರಿವೆ. ಇದು ನೀರು ತಂದು ಹಾಕಿದ ಸರಕು ಎಂದು ಅವರು ವಾದಿಸಿದರು. ಸರಕು ನೀರು ತಂದದ್ದಾದರೆ, ಆ ಗ್ರಾನೈಟಿನ ನೆಲ ಮೊದಲೇ ಇದ್ದಿರಬೇಕು. ಮಗುವಿನ ಕೈಯಲ್ಲಿ ಅಜ್ಜಿಯ ಬಳೆ ಇದ್ದರೆ ಅಜ್ಜಿ ಮೊದಲು ಬಂದವಳೆಂದೇ ತಾನೆ ಅರ್ಥ!

ಅಷ್ಟು ದೊಡ್ಡ ಕಲ್ಲುಗಳನ್ನು ನೀರು ಹೊತ್ತು ತಂದದ್ದು ಹೇಗೆಂದು ಓದುಗರು ಕೇಳಬಹುದು. ನೆಲದಲ್ಲಿ ಉದ್ದಕ್ಕೆ ಬಿರುಕು ಬಿಟ್ಟು ಒಂದು ಪಕ್ಕ ಕುಸಿಯುವುದುಂಟು. ಇದಕ್ಕೆ ಸ್ತರಭಂಗವೆಂದು ಹೆಸರು. ಕುಸಿದ ಪಕ್ಕ ತಗ್ಗಾಗುತ್ತದೆ. ಕುಸಿಯದ ಪಕ್ಕ ಗೋಡೆಯಂತೆ ನಿಲ್ಲುತ್ತದೆ. ಗೋಡೆಯ ಮೇಲಿಂದ ಧುಮ್ಮಿಕ್ಕುವ ತೊರೆಗಳು ಬಂಡೆಗಳನ್ನೇ ಉರುಳಿಸಿ ತಂದು ಬುಡದಲ್ಲಿ ಬೀಸಣಿಗೆಯ ಆಕಾರದಲ್ಲಿ ಹರಡುತ್ತವೆ. ದೊಡ್ಡ ಕಲ್ಲು ಬುಡದಲ್ಲೇ ನಿಲ್ಲುತ್ತದೆ, ಮರಳು ಮುಂದೆ ಸಾಗುತ್ತದೆ. ತಗ್ಗು ಮತ್ತೆ ಮತ್ತೆ ಕುಸಿದಂತೆಲ್ಲ ರಾಶಿ ಏರುತ್ತಲೇ ಹೋಗುತ್ತದೆ. ಕಲ್ದುರ್ಗದ ಶಿಲೆಯೂ ಇಂಥ ತಗ್ಗಿನ ಅಂಚಿನಲ್ಲಿ ಸಂಚಯವಾದದ್ದೆಂದು ಈಚಿನ ಭೂವಿಜ್ಞಾನಿಗಳು ವಿವರಿಸಿದ್ದಾರೆ.

ಕಲ್ಲಿನ ವಯಸ್ಸನ್ನು ಅಳೆಯುವ ವಿಧಾನಗಳು ಬಂದ ಬಳಿಕ ತೀರ್ಪು ಬಹುಮಟ್ಟಿಗೆ ಸ್ಪಷ್ಟವಾಯಿತು. ನಾಡಿನ ನೈಸ್ ಶಿಲೆಗಳಲ್ಲಿ ಹಲವು 300 ಕೋಟಿ ವರ್ಷಗಳಿಗೂ ಮಿಕ್ಕಿದವು. ಕಲ್ದುರ್ಗದಂಥ ಧಾರವಾಡ ಶಿಲೆಗಳು ಅವುಗಳ ಮೇಲೆ ಕುಳಿತ ಕಿರಿಯರು. ಆದರೆ ಸ್ಮೀತರ ಮಾತು ಪೂರಾ ಹುಸಿಯಲ್ಲ. ಚಿತ್ರದುರ್ಗದ ಬಳಿಯ ಗ್ರಾನೈಟ್ ಸುಮಾರು 260 ಕೋಟಿ ವರ್ಷದ್ದು; ಅದು ನಿಜವಾಗಿಯೂ ಧಾರವಾಡ ಶಿಲೆಗಳೊಳಗೆ ಆಮೇಲೆ ನುಗ್ಗಿದ್ದು. ಗ್ರಾನೈಟ್ ಒಂದೇ ಕಾಲದಲ್ಲಿ ಹುಟ್ಟಿದ್ದಲ್ಲ ಎಂಬುದೇ ಈ ವ್ಯಾಜ್ಯದ ತಿರುಳು.

ವಿಚಾರಣೆ ಇನ್ನೂ ನಡೆದೇ ಇದೆ. ಹೊಳಲ್ಕೆರೆ ತಾಲೂಕಿನ ತಾಳ್ಯದ ಪೆಂಟೆಶಿಲೆಯಲ್ಲಿನ ಕಲ್ಲುಗಳನ್ನು ತಂದದ್ದು ಹಿಮವೇ ಇರಬೇಕೆಂದು 2014ರಲ್ಲಿ ಕೆಲವರು ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ವಾದಿಸಿದ್ದಾರೆ. ಚಿತ್ರದುರ್ಗದ ಬಿಸಿಲು ಕಂಡವರಿಗೆ ಇದು ಸೋಜಿಗವೆನಿಸೀತು!

ರಜೆಗೆ ಊರ ಕಡೆ ಹೋದಾಗ ಮಕ್ಕಳಿಗೆ ಇಂಥ ಬಂಡೆಯೊಂದನ್ನು ತೋರಿಸಿ. ಮೂರು ಪ್ರಶ್ನೆ ಕೇಳಲಿ: ಒಳಗಿನ ಕಲ್ಲುಗಳು ಒಂದೇ ಜಾತಿಯವೋ, ಹಲವೋ? ಅಂಚು ಚೂಪೋ, ನುಣುಪೋ? ನಡುವೆ ತುಂಬಿರುವುದು ಮರಳೋ, ಮಣ್ಣೋ? ಉತ್ತರ ಸಿಕ್ಕಿದರೆ ಹೊಳೆಯ ಕಥೆ ಸಿಕ್ಕಿದಂತೆ. ಆದರೆ ನೆನಪಿಗೆಂದು ಒಡೆದು ತರುವುದು ಬೇಡ. ಜಲ್ಲಿಗಾಗಿ ಬಂಡೆಗಳನ್ನು ಒಡೆಯುವವರು ಮೊದಲೇ ಸಾಕಷ್ಟಿದ್ದಾರೆ. ತಾನಿದ್ದ ಜಾಗದಿಂದ ಕಿತ್ತ ಕಲ್ಲು ಸಾಕ್ಷಿಯಾಗಿ ಉಳಿಯುವುದಿಲ್ಲ.