ಹದಿಹರೆಯದ ಖಿನ್ನತೆ: ಚಿಕಿತ್ಸೆ ಮಗುವಿಗಾದರೆ ಅಪ್ಪ-ಅಮ್ಮನಿಗೇನು ಕೆಲಸ?

ನಮಗೆ ಆಗಾಗ ಎರಡು ಬಗೆಯ ಫಾರ್ವರ್ಡ್‌ಗಳು ಬರುತ್ತವೆ. ಒಂದರ ಸಾರ: ‘ಈಗಿನ ಮಕ್ಕಳ ಡಿಪ್ರೆಶನ್ ಬರೀ ನಾಟಕ, ಮೊಬೈಲ್ ಕಿತ್ತುಕೊಂಡು ಎರಡು ಬಾರಿಸಿದರೆ ಸರಿಹೋಗುತ್ತದೆ’. ಇನ್ನೊಂದರ ಸಾರ: ‘ಮಕ್ಕಳ ಖಿನ್ನತೆಗೆ ಹೆತ್ತವರೇ ಕಾರಣ’. ಎರಡೂ ತಪ್ಪು. ಮೊದಲನೆಯದನ್ನು ನಂಬಿದವರು ಮಗುವನ್ನು ಆಸ್ಪತ್ರೆಗೆ ಕರೆದೊಯ್ಯುವುದಿಲ್ಲ. ಎರಡನೆಯದನ್ನು ನಂಬಿದವರು ನಾಚಿಕೆಯಿಂದ ವಿಷಯ ಮುಚ್ಚಿಡುತ್ತಾರೆ. ಎರಡರಲ್ಲೂ ನಷ್ಟ ಮಗುವಿಗೇ.

ಇದು ನಿಜವಾದ ಕಾಯಿಲೆಯೇ?

ಹೌದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 10ರಿಂದ 19 ವರ್ಷದ ಪ್ರತಿ 7 ಮಕ್ಕಳಲ್ಲಿ ಒಬ್ಬರಿಗೆ ಒಂದಲ್ಲ ಒಂದು ಮಾನಸಿಕ ಸಮಸ್ಯೆ ಇದೆ. ಬೆಂಗಳೂರಿನ ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ 13ರಿಂದ 17 ವರ್ಷದವರಲ್ಲಿ ಈ ಪ್ರಮಾಣ ಸುಮಾರು 7.3%.

ಹದಿಹರೆಯದವರ ಖಿನ್ನತೆ ಯಾವಾಗಲೂ ಅಳುವಿನ ರೂಪದಲ್ಲೇ ಕಾಣಿಸುವುದಿಲ್ಲ. ಸಿಡುಕು, ಎದುರುತ್ತರ, ಪದೇ ಪದೇ ಹೊಟ್ಟೆನೋವು ಅಥವಾ ತಲೆನೋವು, ನಿದ್ದೆಗೆಡುವುದು, ಇಷ್ಟದ ಆಟವೂ ಬೇಡವಾಗುವುದು, ಓದಿನಲ್ಲಿ ಹಿಂದೆ ಬೀಳುವುದು ಎಲ್ಲವೂ ಅದರ ಲಕ್ಷಣಗಳಾಗಿರಬಹುದು. ಇಂಥ ಬದಲಾವಣೆ ಎರಡು ವಾರ ಮೀರಿ ಉಳಿದರೆ ವೈದ್ಯರಿಗೆ ತೋರಿಸಬೇಕು. ‘ಕೊಬ್ಬು’ ಎಂದು ನಾವು ಬೈಯುವುದು ಕೆಲವೊಮ್ಮೆ ಈ ಕಾಯಿಲೆಯನ್ನೇ.

ಮಕ್ಕಳು ಮನೆಯಲ್ಲಿ ಏಕೆ ಹೇಳುವುದಿಲ್ಲ?

ಒಂದು ಮನೆಯನ್ನು ಊಹಿಸಿಕೊಳ್ಳಿ. ಹೊಳಲ್ಕೆರೆ ಕಡೆಯ ಅಡಿಕೆ ತೋಟ, ಬತ್ತಿದ ಬೋರ್‌ವೆಲ್, ಮೇಲೆ ಸಾಲ. ಮಗಳು ಸಿರಿಗೆರೆಯಲ್ಲಿ ಹಾಸ್ಟೆಲ್‌ನಲ್ಲಿದ್ದು ಎಸ್ಸೆಸ್ಸೆಲ್ಸಿ ಓದುತ್ತಿದ್ದಾಳೆ. ಫೋನ್ ಮಾಡಿದಾಗ ಅಪ್ಪ ಕೇಳುವುದು ‘ಊಟ ಆಯ್ತಾ ಮಗಳೆ, ಚೆನ್ನಾಗಿ ಓದ್ತಿದ್ದೀಯಾ?’ ಎಂದು. ಅವಳ ಉತ್ತರ ‘ಹ್ಞೂಂ ಅಪ್ಪಾಜಿ’. ಅಪ್ಪನ ತಲೆಬಿಸಿ ಅವಳಿಗೆ ಗೊತ್ತು. ಅದಕ್ಕೆ ತನ್ನದನ್ನೂ ಸೇರಿಸಬಾರದೆಂದು ಸುಮ್ಮನಿರುತ್ತಾಳೆ. ಮನೆಯವರ ಮೇಲಿನ ಪ್ರೀತಿಯೇ ಅವಳ ಬಾಯಿ ಕಟ್ಟಿಹಾಕಿದೆ.

ಇದು ನಮ್ಮಲ್ಲಿ ಮಾತ್ರ ಅಲ್ಲ. ಲ್ಯಾಟಿನ್ ಅಮೆರಿಕ ಮೂಲದ ಕುಟುಂಬಗಳಲ್ಲೂ ‘ನನಗಿಂತ ಮನೆ ದೊಡ್ಡದು’ ಎಂಬ ಭಾವ ಗಟ್ಟಿ. ಅದಕ್ಕೆ ‘ಫಮಿಲಿಸ್ಮೊ’ ಎಂಬ ಹೆಸರೇ ಇದೆ. ಪೋರ್ಟೊ ರಿಕೊದ ಮನಶ್ಶಾಸ್ತ್ರಜ್ಞರಾದ ಜಾನೆಟ್ ರೊಸೆಯೊ ಮತ್ತು ಗಿಯೆರ್ಮೊ ಬರ್ನಾಲ್ ಅಲ್ಲಿನ 71 ಹದಿಹರೆಯದವರ ಮೇಲೆ ನಡೆಸಿ 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎರಡು ಬಗೆಯ ಮಾತಿನ ಚಿಕಿತ್ಸೆಯನ್ನು ಪರೀಕ್ಷಿಸಿದರು. ಒಂದು ಯೋಚನೆಯ ರೀತಿಯನ್ನು ತಿದ್ದುವಂಥದು, ಇನ್ನೊಂದು ಸಂಬಂಧಗಳ ತೊಡಕನ್ನು ಬಿಡಿಸುವಂಥದು. ಎರಡನ್ನೂ ಅಲ್ಲಿನ ಕುಟುಂಬಗಳ ರೀತಿನೀತಿಗೆ ಒಗ್ಗಿಸಲಾಗಿತ್ತು. ಚಿಕಿತ್ಸೆಗಾಗಿ ಕಾಯುತ್ತಿದ್ದವರಿಗಿಂತ ಎರಡೂ ಗುಂಪಿನ ಮಕ್ಕಳಲ್ಲಿ ಖಿನ್ನತೆ ಕಡಿಮೆಯಾಯಿತು.

ಹಾಗಾದರೆ ಹೆತ್ತವರ ಪಾತ್ರವೇನು?

ಸಿರಿಗೆರೆಯ ತರಳಬಾಳು ಮಠದಲ್ಲಿ ಸೋಮವಾರ ನಡೆಯುವ ಸದ್ಧರ್ಮ ನ್ಯಾಯಪೀಠವನ್ನು ಬಲ್ಲವರಿಗೆ ಎರಡೂ ಕಡೆಯವರನ್ನು ಕೂರಿಸಿ ಮಾತಾಡಿಸುವುದು ಹೊಸದಲ್ಲ. ಆದರೆ ಆಪ್ತಸಮಾಲೋಚನೆ ನ್ಯಾಯ ತೀರ್ಮಾನವಲ್ಲ. ಅಲ್ಲಿ ವಾದಿ-ಪ್ರತಿವಾದಿಗಳಿಲ್ಲ, ತೀರ್ಪೂ ಇಲ್ಲ. ‘ಯಾರದು ತಪ್ಪು’ ಎಂಬುದರ ಬದಲು ‘ಈ ಮಗುವಿಗೆ ಈಗ ಏನು ಬೇಕು’ ಎಂದು ಹುಡುಕುತ್ತಾರೆ.

ಸಾಮಾನ್ಯವಾಗಿ ಮೊದಲು ಹೆತ್ತವರೊಂದಿಗೆ ಮಾತಾಡಿ ಮನೆ, ಶಾಲೆಯ ವಿವರ ಪಡೆಯುತ್ತಾರೆ. ಆಮೇಲೆ ಮಗುವಿನೊಂದಿಗೆ ಒಂಟಿಯಾಗಿ ಮಾತು. ಬೇಕಾದಾಗ ಎಲ್ಲರನ್ನೂ ಒಟ್ಟಿಗೆ ಕೂರಿಸುತ್ತಾರೆ. ‘ಒಳಗೆ ಏನಂದಳು ಹೇಳಿ’ ಎಂದು ಹೆತ್ತವರು ಪಟ್ಟು ಹಿಡಿಯಬಾರದು. ಆ ಗುಟ್ಟು ಉಳಿದರೆ ಮಾತ್ರ ಮಗು ಬಾಯಿ ಬಿಡುತ್ತದೆ. ಜೀವಕ್ಕೆ ಅಪಾಯವಿದ್ದರೆ ಮಾತ್ರ ಸಮಾಲೋಚಕರು ಮನೆಯವರಿಗೆ ತಿಳಿಸುತ್ತಾರೆ, ಅದನ್ನು ಮಗುವಿಗೂ ಮೊದಲೇ ಹೇಳಿರುತ್ತಾರೆ.

ಮನೆಯಲ್ಲಿ ಮಾಡಬೇಕಾದ್ದು ಇಷ್ಟು:

• ಬುದ್ಧಿ ಹೇಳುವ ಮೊದಲು ಪೂರ್ತಿ ಕೇಳಿಸಿಕೊಳ್ಳಿ. ಅಕ್ಕನ ಮಗನ ಅಂಕದ ಜತೆ ಹೋಲಿಸಬೇಡಿ.

• ವೈದ್ಯರು ಮಾತ್ರೆ ಕೊಟ್ಟರೆ ಅದನ್ನು ನೀವೇ ಇಟ್ಟುಕೊಂಡು ಹೊತ್ತಿಗೆ ಸರಿಯಾಗಿ ಕೊಡಿ. ಮೊದಲ ಕೆಲವು ವಾರ ಚಡಪಡಿಕೆ ಅಥವಾ ಸಾಯುವ ಮಾತು ಹೆಚ್ಚಾದರೆ ತಕ್ಷಣ ವೈದ್ಯರಿಗೆ ತಿಳಿಸಿ. ನೀವಾಗಿಯೇ ನಿಲ್ಲಿಸಬೇಡಿ.

• ಹೊಲಕ್ಕೆ ಹೊಡೆಯುವ ಔಷಧಿಯನ್ನು ಬೀಗ ಹಾಕಿಡಿ, ಬೀಗದ ಕೈ ನಿಮ್ಮ ಬಳಿ ಇರಲಿ. ಸಾಯುವ ಯೋಚನೆ ಎಷ್ಟೋ ಸಲ ಒಂದು ಗಳಿಗೆಯ ಆವೇಗ. ಆ ಗಳಿಗೆಯಲ್ಲಿ ವಿಷ ಕೈಗೆ ಸಿಗದಿದ್ದರೆ ಜೀವ ಉಳಿಯುತ್ತದೆ.

‘ಸಾಯುವ ಬಗ್ಗೆ ಕೇಳಿದರೆ ನಾವೇ ತಲೆಗೆ ತುಂಬಿದಂತಾಗುತ್ತದೆ’ ಎನ್ನುವುದು ನಿಜವೇ?

ಸುಳ್ಳು. ‘ಬದುಕೋದೇ ಬೇಡ ಅನ್ನಿಸ್ತಿದೆಯಾ ಪುಟ್ಟಾ?’ ಎಂದು ಮೆಲ್ಲಗೆ ಕೇಳುವುದರಿಂದ ಅಂಥ ಯೋಚನೆ ಹುಟ್ಟುವುದಿಲ್ಲ. ಹೇಳಿಕೊಳ್ಳಲು ಒಂದು ದಾರಿ ಸಿಗುತ್ತದೆ.

ಎಲ್ಲಿಗೆ ಹೋಗಬೇಕು?

ಬೆಂಗಳೂರಿಗೇ ಹೋಗಬೇಕಿಲ್ಲ. ಚಿತ್ರದುರ್ಗದ ಜಿಲ್ಲಾಸ್ಪತ್ರೆಯ ಮನೋವೈದ್ಯರನ್ನು ಕಾಣಬಹುದು. ರಾಜ್ಯ ಸರ್ಕಾರ 2014ರಲ್ಲಿ ಆರಂಭಿಸಿದ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರಗಳಂದು ತಾಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವ ವ್ಯವಸ್ಥೆ ಇದೆ. ಹೊಸದುರ್ಗ, ಹಿರಿಯೂರು, ಹೊಳಲ್ಕೆರೆಯವರು ನಿಮ್ಮ ಆಸ್ಪತ್ರೆಯಲ್ಲಿ ಯಾವ ವಾರ ಎಂದು ಮೊದಲೇ ವಿಚಾರಿಸಿ. ಹದಿಹರೆಯದವರಿಗಾಗಿ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ನೇಹ ಕ್ಲಿನಿಕ್‌ಗಳೂ ಇವೆ. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲು-ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಮಾತಾಡಬಹುದು. ಮಗುವೂ ಮಾಡಬಹುದು, ಹೆತ್ತವರೂ ಮಾಡಬಹುದು.

ಕೊನೆಯ ಮಾತು: ಮಕ್ಕಳ ಖಿನ್ನತೆ ನಾಟಕವಲ್ಲ, ಹೆತ್ತವರ ಅಪರಾಧವೂ ಅಲ್ಲ. ಚಿಕಿತ್ಸಕರು ಮಗುವಿನೊಂದಿಗೆ ಇರುವುದು ವಾರಕ್ಕೆ ಒಂದು ಗಂಟೆ, ಉಳಿದ ಹೊತ್ತೆಲ್ಲ ಮಗು ಇರುವುದು ಮನೆಯವರ ಜತೆ, ಇಲ್ಲವೇ ಅವರ ಫೋನಿಗಾಗಿ ಕಾಯುತ್ತಾ ಹಾಸ್ಟೆಲ್‌ನಲ್ಲಿ. ಇವತ್ತು ಫೋನ್ ಮಾಡಿದಾಗ ‘ಓದ್ತಿದ್ದೀಯಾ’ ಎನ್ನುವ ಮೊದಲು ‘ಮನಸ್ಸು ಹೇಗಿದೆ’ ಎಂದು ಕೇಳಿ. ಹಳೆಯ ಫಾರ್ವರ್ಡ್ ಬದಲು 14416 ಸಂಖ್ಯೆಯನ್ನು ನಿಮ್ಮ ಗುಂಪಿಗೆ ಕಳಿಸಿ.