ಹೊರನಾಡಿನ ಓದು, ಇಂಗ್ಲಿಷ್ ಪಾಠದ ಋಣ

ಮದ್ದೂರು ತಾಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಬಣ್ಣದ ಕೊಕ್ಕರೆಗಳೂ ಹೆಜ್ಜಾರ್ಲೆಗಳೂ ಗೂಡುಕಟ್ಟುವ ಕಾಲಕ್ಕೆ ಊರಿನವರು ಹುಣಸೆಯ ಫಸಲನ್ನೇ ಬಿಟ್ಟುಕೊಡುವುದುಂಟು. ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳೆಂದೇ ಆ ಹಕ್ಕಿಗಳನ್ನು ಕಾಣುವ ಊರದು. ಈಚೆಗೆ ಆ ಊರಿನ ಪರಿಚಿತರೊಬ್ಬರ ಮನೆಯ ಜಗಲಿಯಲ್ಲಿ ಕುಳಿತಿದ್ದಾಗ ನಮಗೆ ಕೇಳಿಬಂದದ್ದು ಮಾತ್ರ ಊರು ಬಿಟ್ಟು ಹೋಗುವವನ ವಿಚಾರ. ಪದವಿ ಮುಗಿಸಿದ ಮಗ ಬೋಸ್ನಿಯಾದ ಸಾರಾಯೆವೊ ನಗರಕ್ಕೆ ಓದಲು ಹೋಗಬಯಸಿದ್ದಾನೆ. ಇಂಗ್ಲಿಷ್ ಪಾಠ ಹೇಳಿ ಖರ್ಚು ತೂಗಿಸುವನಂತೆ. “ಹಜ್ರತ್, ಇಂಗ್ಲಿಷ್ ಮೇಷ್ಟ್ರಾಗುವುದಕ್ಕೆ ಅಷ್ಟು ದೂರ ಹೋಗಬೇಕೇ? ಮಳವಳ್ಳಿಯಲ್ಲಿ ಆಗದೇ?” ಎಂದು ತಂದೆ ಕೇಳಿದರು. ಬಾಗಿಲ ಮರೆಯಲ್ಲಿದ್ದ ತಾಯಿ ಏನನ್ನೂ ಕೇಳಲಿಲ್ಲ.

ಜ್ಞಾನಕ್ಕಾಗಿ ಚೀನಾದವರೆಗೂ ಹೋಗಬೇಕೆಂಬ ಮಾತು ನಮ್ಮ ವೇದಿಕೆಗಳಲ್ಲಿ ಬಹು ಜನಪ್ರಿಯ. ಅದರ ಸನದು ದುರ್ಬಲವೆಂದು ಹದೀಸ್ ವಿದ್ವಾಂಸರು ಹೇಳಿರುವುದನ್ನು ಮಾತ್ರ ಯಾರೂ ಹೇಳುವುದಿಲ್ಲ! ಅದರ ಆಸರೆ ನಮಗೆ ಬೇಕಾಗಿಯೂ ಇಲ್ಲ. ಬದ್ರ್‌ನ ಬಂಧಿಗಳಲ್ಲಿ ಅಕ್ಷರ ಬಲ್ಲವರು ಮದೀನಾದ ತಲಾ ಹತ್ತು ಮಕ್ಕಳಿಗೆ ಓದುಬರಹ ಕಲಿಸಿ ಬಿಡುಗಡೆ ಪಡೆದ ಚರಿತ್ರೆ ನಮ್ಮೆದುರಿಗಿದೆ. ಪ್ರವಾದಿವರ್ಯರ(ಸ) ಆದೇಶದಂತೆ ಝೈದ್ ಬಿನ್ ಸಾಬಿತ್(ರ) ಯಹೂದಿಯರ ಬರಹವನ್ನು ಕಲಿತರು. ಪರಭಾಷೆಯನ್ನು ಕಲಿಯುವುದಾಗಲಿ, ಪಾಠ ಹೇಳಿ ಋಣ ತೀರಿಸುವುದಾಗಲಿ ನಮಗೆ ಹೊಸದಲ್ಲ.

ಇನ್ನು ಸಾರಾಯೆವೊ. ಅಲ್ಲಿಯ ಗಾಜಿ ಖುಸ್ರೊ ಬೇಗ್ ಮದ್ರಸ 1537ರಲ್ಲಿ ಸ್ಥಾಪನೆಯಾಯಿತು. ಅದರ ವಕ್ಫ್‌ನಾಮೆಯಲ್ಲಿ ಎರಡು ಸಂಗತಿಗಳಿವೆ. ಕಟ್ಟಡ ಮುಗಿದ ಮೇಲೆ ಉಳಿದ ಹಣದಲ್ಲಿ ಒಳ್ಳೆಯ ಗ್ರಂಥಗಳನ್ನು ಕೊಳ್ಳಬೇಕೆಂಬುದು ಒಂದು. ತಫ್ಸೀರ್, ಹದೀಸ್ ಮುಂತಾದ ವಿದ್ಯೆಗಳನ್ನು ಹೆಸರಿಸಿ, ಅವುಗಳ ಜೊತೆಗೆ ಆಯಾ ಕಾಲದೇಶಗಳು ಬೇಡುವ ವಿದ್ಯೆಯನ್ನೂ ಕಲಿಸಬೇಕೆಂಬುದು ಇನ್ನೊಂದು. ಮದ್ರಸದಲ್ಲಿ ಕಲಿತು, ಆಮೇಲೆ ಕನ್ನಡದಲ್ಲಿ ಬಿ.ಎ. ಮಾಡಿದ ನಮ್ಮನ್ನು ‘ಇದೆಲ್ಲ ಏಕೆ’ ಎಂದು ಪ್ರಶ್ನಿಸಿದವರಿಗೆ ಈ ಎರಡನೆಯ ಮಾತನ್ನು ತೋರಿಸಬೇಕೆಂಬ ಆಸೆ ನಮ್ಮದು.

1992ರ ಆಗಸ್ಟಿನಲ್ಲಿ ಆ ನಗರದ ರಾಷ್ಟ್ರೀಯ ಗ್ರಂಥಾಲಯ ಶೆಲ್ ದಾಳಿಗೆ ಸಿಲುಕಿ ಉರಿದುಹೋಯಿತು. ಆದರೆ ಖುಸ್ರೊ ಬೇಗ್ ಗ್ರಂಥಾಲಯದ ಹಸ್ತಪ್ರತಿಗಳು ಉಳಿದವು. ಅಲ್ಲಿನ ನೌಕರರು ಬಾಳೆಹಣ್ಣಿನ ಪೆಟ್ಟಿಗೆಗಳಲ್ಲಿ ತುಂಬಿ, ಗುಂಡೇಟಿನ ನಡುವೆ ಒಂದೆಡೆಯಿಂದ ಇನ್ನೊಂದೆಡೆಗೆ ಹೊತ್ತು ಸಾಗಿಸಿದರು. ಹಾಗೆ ಹೊತ್ತವರಲ್ಲಿ ಕಾಂಗೋ ದೇಶದಿಂದ ಬಂದು ರಾತ್ರಿ ಕಾವಲುಗಾರನಾಗಿದ್ದ ಒಬ್ಬರೂ ಇದ್ದರು. ಆ ಊರಾಗಲಿ ಆ ಭಾಷೆಯಾಗಲಿ ಅವರದಲ್ಲ; ಪುಸ್ತಕಗಳನ್ನು ಮಾತ್ರ ತಮ್ಮವೆಂದುಕೊಂಡರು. ಪರದೇಶದ ವಿದ್ಯಾರ್ಥಿಗೆ ಇದಕ್ಕಿಂತ ಮೇಲಾದ ಮೇಲ್ಪಂಕ್ತಿಯನ್ನು ನಾವು ಕಾಣೆವು.

ಇಂಗ್ಲಿಷ್ ಪಾಠದ ವಿಷಯದಲ್ಲಿ ನಮ್ಮ ಹುಡುಗರಿಗೆ ಒಂದು ಕೀಳರಿಮೆಯಿದೆ. ಇಂಗ್ಲಿಷ್ ಹುಟ್ಟುಭಾಷೆಯಾದವರನ್ನೇ ಹುಡುಕುವ ಶಾಲೆಗಳು ಎಲ್ಲ ದೇಶಗಳಲ್ಲೂ ಇವೆ, ನಿಜ. ಆದರೆ ಮನೆಯಲ್ಲಿ ದಖನಿ, ಬೀದಿಯಲ್ಲಿ ಕನ್ನಡ, ಮದ್ರಸದಲ್ಲಿ ಉರ್ದು ಮತ್ತು ಅರಬಿ ಕಲಿತು ಆಮೇಲೆ ಇಂಗ್ಲಿಷಿಗೆ ಬಂದವನಿಗೆ, ಕಲಿಯುವ ಮಗು ಎಲ್ಲಿ ಎಡವುತ್ತದೆಂಬುದು ಗೊತ್ತು. ತಾನೂ ಅಲ್ಲೇ ಎಡವಿದ್ದಾನಲ್ಲ! ಬೋಸ್ನಿಯಾದ ಮಕ್ಕಳಿಗೂ ಇಂಗ್ಲಿಷ್ ಪರಭಾಷೆಯೇ. ಮಿಗಿಲಾಗಿ, ಅವರ ಮಾತಿನಲ್ಲಿ ಗೋಡೆಗೆ ‘ದುವಾರ್’, ಬೆಳಗಿಗೆ ‘ಸಬಾಹ್’, ತಾಳ್ಮೆಗೆ ‘ಸಬುರ್’ ಎಂಬ ಪದಗಳಿವೆ. ದಖನಿ ಬಲ್ಲವನಿಗೆ ಅವು ನೆಂಟರಂತೆ ಕಂಡಾವು. ಆದ್ದರಿಂದ ಇಂಗ್ಲಿಷ್ ಕಲಿಸಿ ಕೂಲಿ ಪಡೆಯುವುದಷ್ಟೇ ಆಗದೆ, ಅವರ ಭಾಷೆಯನ್ನೂ ಅವನು ಕಲಿತು ಬರಲಿ ಎಂಬುದು ನಮ್ಮ ಅಪೇಕ್ಷೆ.

ಜಮೀನು ಅಡವಿಟ್ಟು ದಲ್ಲಾಳಿಯ ಕೈಗೆ ಹಣ ಕೊಡಬಾರದೆಂದು ತಂದೆಗೆ ಖಂಡಿತವಾಗಿ ಹೇಳಿದೆವು. ವಿದ್ಯಾರ್ಥಿಯ ವೀಸಾದಲ್ಲಿ ದುಡಿಯಲು ಅನುಮತಿ ಇದೆಯೇ, ಎಷ್ಟು ಗಂಟೆ ಎಂಬುದನ್ನು ವಿಶ್ವವಿದ್ಯಾಲಯ ಹಾಗೂ ರಾಯಭಾರ ಕಚೇರಿಯಿಂದ ಬರಹದಲ್ಲೇ ಪಡೆಯಬೇಕು. ಪಾಠದ ಸಂಪಾದನೆಯನ್ನು ನಂಬಿ ಶುಲ್ಕ ಕಟ್ಟುವ ಲೆಕ್ಕಾಚಾರ ಬೇಡ. ಅದು ಊಟದ ಖರ್ಚಿಗೆ ಒದಗಿದರೆ ಸಾಕು. ವಿದ್ಯೆಗೆ ಹೋದವನು ಬಡ್ಡಿಯ ಹೊರೆ ಹೊತ್ತು ಮರಳುವುದು ನಮ್ಮ ಕುಟುಂಬಗಳಿಗೆ ತಕ್ಕದ್ದಲ್ಲ.

ಹುಡುಗನಿಗೆ ಹೇಳಿದ್ದು ಬೇರೆ. ಹೊರಡುವ ಮೊದಲು ಈ ಬಾರಿ ಕೊಕ್ಕರೆಗಳು ಮರಿಗಳೊಡನೆ ಹಾರಿಹೋಗುವವರೆಗೆ ಮಗ್ರಿಬ್ ನಮಾಝಿನ ನಂತರ ಊರಿನ ಮಕ್ಕಳಿಗೆ ಇಂಗ್ಲಿಷ್ ಕಲಿಸು, ಯಾವ ಮನೆಯ ಮಗು ಬಂದರೂ ಕೂರಿಸು ಎಂದೆವು. ಒಪ್ಪಿಕೊಂಡಿದ್ದಾನೆ. ಮೊದಲ ದಿನ ಏಳು ಮಕ್ಕಳು ಬಂದರಂತೆ. ತಾಯಿ ಇನ್ನೂ ಒಪ್ಪಿಲ್ಲ.