ಗುಂಪಲ್ಲಿ ಗೋವಿಂದ ಅನ್ನುವ ಮೊದಲು ಮಂಗಳೂರು ಪೇಟೆಗೊಮ್ಮೆ ಹೋಗಿ

ಅಡಿಕೆಗೆ ಎಲೆಚುಕ್ಕಿ, ಹಳದಿ ಎಲೆ ರೋಗ ಬಂದ ಮೇಲೆ ನಮ್ಮ ಕಡೆ ಎಲ್ಲರದ್ದೂ ಒಂದೇ ಮಾತು: ಬದಲಿಗೆ ಎಂತ ಹಾಕುವುದು? ಒಬ್ಬರು ರಂಬುಟಾನ್ ಅಂತಾರೆ, ಇನ್ನೊಬ್ಬರು ಡ್ರ್ಯಾಗನ್ ಫ್ರೂಟ್, ಮತ್ತೊಬ್ಬರು ಬೆಣ್ಣೆಹಣ್ಣು. ವಾಟ್ಸಾಪ್‌ನಲ್ಲಿ ಒಂದು ಫೋಟೋ ಬಿದ್ದರೆ ಸಾಕು, ಗಿಡ ಎಲ್ಲಿ ಸಿಗ್ತದೆ ಅಂತ ಸಾಲಾಗಿ ಪ್ರಶ್ನೆ. ಹಣ್ಣು ತಿನ್ನುವವರು ಯಾರು ಅಂತ ಕೇಳುವವರು ಮಾತ್ರ ಇಲ್ಲ ಮಾರಾಯ್ರೆ.

ಈ ಕಥೆ ನಮ್ಮ ಜಿಲ್ಲೆಗೆ ಹೊಸತಲ್ಲ. ವೆನಿಲ್ಲಾ ನೆನಪುಂಟಲ್ಲ? 2000ದಲ್ಲಿ ಮಡಗಾಸ್ಕರ್‌ಗೆ ಚಂಡಮಾರುತ ಬಡಿಯಿತು. ಜಗತ್ತಿನ ಹೆಚ್ಚಿನ ವೆನಿಲ್ಲಾ ಬರುವುದೇ ಅಲ್ಲಿಂದ. ಬೆಲೆ ಏರುತ್ತಾ ಹೋಗಿ 2003ರ ಹೊತ್ತಿಗೆ ನೆತ್ತಿಗೇರಿತು. ಇಲ್ಲಿ ತೋಟ ತೋಟದಲ್ಲಿ ಬಳ್ಳಿ ಹಬ್ಬಿತು, ಕಳ್ಳರಿಗೆ ಹೆದರಿ ರಾತ್ರಿ ಕಾವಲು ಕೂತವರೂ ಇದ್ದರು. ಎರಡು ವರ್ಷದೊಳಗೆ ಬೆಲೆ ನೆಲಕಚ್ಚಿತು.

ಲೆಕ್ಕ ನೋಡಿ. ಬಳ್ಳಿ ಹೂ ಬಿಡಲು ಸುಮಾರು ಮೂರು ವರ್ಷ. ಹೂವಿಗೆ ಒಂದೊಂದಾಗಿ ಕೈಯಲ್ಲೇ ಪರಾಗಸ್ಪರ್ಶ ಮಾಡಬೇಕು. ಕೋಡು ಬಲಿಯಲು ಒಂಬತ್ತು ತಿಂಗಳು, ಆಮೇಲೆ ಹದ ಮಾಡಿ ಒಣಗಿಸಲು ಇನ್ನಷ್ಟು ತಿಂಗಳು. 2003ರ ಬೆಲೆ ನೋಡಿ ನೆಟ್ಟವನ ಮಾಲು ಪೇಟೆಗೆ ಬರುವುದು 2007ಕ್ಕೆ. ಅಷ್ಟರಲ್ಲಿ ಐಸ್‌ಕ್ರೀಂ, ಬಿಸ್ಕತ್ತು ಕಂಪನಿಗಳು ಅಗ್ಗದ ಕೃತಕ ವೆನಿಲಿನ್‌ಗೆ ತಿರುಗಿಯಾಗಿತ್ತು. ಬೆಲೆ ಎಲ್ಲರಿಗೂ ಗೊತ್ತಿತ್ತು. ಆದರೆ ಎಷ್ಟು ಮಂದಿ ನೆಟ್ಟಿದ್ದಾರೆ, ಕೊಳ್ಳುವವನಿಗೆ ಬೇರೆ ದಾರಿ ಉಂಟೋ, ಇವೆರಡನ್ನು ಲೆಕ್ಕ ಹಾಕಿದವರು ಕಡಿಮೆ. ಇಂಥ ಗದ್ದಲದಲ್ಲಿ ಮೊದಲು ಲಾಭ ಆಗುವುದು ಬಳ್ಳಿಯ ತುಂಡು ಮಾರುವವನಿಗೆ, ಕೋಡು ಮಾರುವವನಿಗಲ್ಲ.

ಹಾಗಾದ್ರೆ ಹತ್ತು ಜನರ ಮಾತು ಕೇಳುವುದೇ ತಪ್ಪಾ? ಅಲ್ಲ. 1906ರಲ್ಲಿ ಇಂಗ್ಲೆಂಡಿನ ಪ್ಲಿಮತ್‌ನ ಜಾನುವಾರು ಮೇಳದಲ್ಲಿ ಒಂದು ಎತ್ತಿನ ಮಾಂಸದ ತೂಕ ಊಹಿಸುವ ಸ್ಪರ್ಧೆ ನಡೆಯಿತು. ಗಾಲ್ಟನ್ ಎಂಬ ವಿಜ್ಞಾನಿ 787 ಚೀಟಿಗಳನ್ನು ಲೆಕ್ಕ ಮಾಡಿದ. ನಡುವಿನ ಊಹೆ 1207 ಪೌಂಡ್, ನಿಜವಾದ ತೂಕ 1198. ಅಷ್ಟು ಹತ್ತಿರ ಬಂದದ್ದು ಯಾಕೆ? ಪ್ರತಿಯೊಬ್ಬನೂ ತನ್ನ ಚೀಟಿಯನ್ನು ತಾನೇ ಬರೆದಿದ್ದ. ಮೊದಲನೆಯವನು ಗಟ್ಟಿಯಾಗಿ ಒಂದು ಅಂಕಿ ಕೂಗಿದ್ದರೆ ಉಳಿದವರೆಲ್ಲ ಅದರ ಸುತ್ತಲೇ ಹೇಳ್ತಿದ್ದರು. ನಮ್ಮ ಸಭೆಗಳಲ್ಲಿ ಆಗುವುದು ಅದೇ. ದೊಡ್ಡ ತೋಟದವರು ಒಂದು ಮಾತು ಹೇಳಿದ ಮೇಲೆ ಉಳಿದವರು ತಲೆ ಆಡಿಸುವುದು ಮಾತ್ರ.

ಹೊಸ ಬೆಳೆಗೆ ಸಾಲ ಮಾಡುವ ಮೊದಲು ನಾಲ್ಕು ದಿನ ಮಂಗಳೂರಿಗೆ ಹೋಗಿ. ಹಂಪನಕಟ್ಟೆಯ ಹಣ್ಣಿನ ಅಂಗಡಿ, ಜ್ಯೂಸಿನವರು, ಐಸ್‌ಕ್ರೀಂ ಪಾರ್ಲರ್, ಬಂದರಿನ ಸಗಟು ವ್ಯಾಪಾರಿ, ಒಬ್ಬೊಬ್ಬರನ್ನೂ ಬೇರೆ ಬೇರೆಯಾಗಿ ಮಾತಾಡಿಸಿ. ಪಕ್ಕದ ಅಂಗಡಿಯವ ಎಂತ ಹೇಳಿದ ಅಂತ ಬಾಯಿ ಬಿಡಬೇಡಿ. 'ಬೆಳೆದರೆ ತಗೊಳ್ತೀರಾ' ಅಂತ ಕೇಳಿದರೆ ಎಲ್ಲರೂ ಹೌದು ಅಂತಾರೆ, ಅದು ಮರ್ಯಾದೆಯ ಮಾತು. 'ಹೋದ ವಾರ ಎಷ್ಟು ಕಿಲೋ ತಂದ್ರಿ, ಎಷ್ಟು ಕೊಳೆತು ಬಿಸಾಡಿದ್ರಿ, ಕೇರಳದ ಮಾಲು ಬಂದಾಗ ರೇಟು ಎಷ್ಟಕ್ಕೆ ಇಳೀತದೆ' ಅಂತ ಕೇಳಿ. ಕೊಳ್ಳುವವರ ಹತ್ತಿರವೂ ಹಾಗೇ. ಇಷ್ಟವಾ ಅಂತ ಕೇಳಬೇಡಿ, ಕೊನೆಗೆ ಯಾವಾಗ ದುಡ್ಡು ಕೊಟ್ಟು ತಂದದ್ದು ಅಂತ ಕೇಳಿ. ಮನೆಗೆ ಬಂದು ಬರೆದಿಟ್ಟು, ಆಮೇಲೆ ಬೇಕಾದರೆ ಗುಂಪಿನಲ್ಲಿ ಚರ್ಚೆ ಮಾಡಿ.

ಎಲ್ಲರೂ ಬೆಳೆದರೆ ತಾನೇ ಮಾರುಕಟ್ಟೆ ಆಗುವುದು ಅಂತ ಕೆಲವರು ವಾದ ಮಾಡ್ತಾರೆ. ಅದರಲ್ಲಿ ಅರ್ಧ ಸತ್ಯ ಉಂಟು. ಕೊಕ್ಕೋ ಬೆಳೆದವರು ಬೆಲೆ ಬಿದ್ದು ಕೈಚೆಲ್ಲಿ ಕೂತಾಗ ಖರೀದಿಗೆ ಇಳಿದದ್ದು ಮಂಗಳೂರಿನಲ್ಲಿ 1973ರಲ್ಲಿ ಹುಟ್ಟಿದ ನಮ್ಮದೇ ಕ್ಯಾಂಪ್ಕೋ. 1986ರಲ್ಲಿ ಪುತ್ತೂರಿನಲ್ಲಿ ಚಾಕಲೇಟು ಕಾರ್ಖಾನೆಯೇ ಶುರುವಾಯಿತು. ಆದರೆ ಅಲ್ಲಿ ಬೆಳೆಗಾರರನ್ನು ಉಳಿಸಿದ್ದು ಒಟ್ಟಾಗಿ ಮಾರುವ ವ್ಯವಸ್ಥೆ, ಒಬ್ಬರನ್ನು ನೋಡಿ ಒಬ್ಬರು ನೆಟ್ಟದ್ದಲ್ಲ. ವೆನಿಲ್ಲಾಕ್ಕೆ ಅಂಥ ಆಸರೆ ಸಿಗಲಿಲ್ಲ. ಪ್ರತಿ ಹೊಸ ಬೆಳೆಗೂ ಒಬ್ಬ ಕ್ಯಾಂಪ್ಕೋ ಬರ್ತಾನೆ ಅಂತ ಕಾಯ್ಲಿಕ್ಕಾಗುದಿಲ್ಲ.

ಅಡಿಕೆ ಮರ ಕಡಿದರೆ ಮತ್ತೆ ಫಸಲು ನೋಡಲು ಐದಾರು ವರ್ಷ ಬೇಕು. ಹಾಗಾಗಿ ಗರಗಸ ಎತ್ತುವ ಮೊದಲು ಪೇಟೆ ಸುತ್ತಿ ಬನ್ನಿ. ಹೋಗಿ ಬಂದವರು ಅಂಗಡಿಯವರು ಎಂತ ಹೇಳಿದರು ಅಂತ ಕೆಳಗೆ ಬರೆಯಿರಿ. ಒಂದು ವಿನಂತಿ, ಬೇರೆಯವರ ಕಮೆಂಟು ಓದುವ ಮೊದಲೇ ನಿಮ್ಮದನ್ನು ಬರೆಯಿರಿ.